ಭಾವನ ಬಾಸ್ ಗಿಟಾರಿಗೆ ಬೆಲೆ ಕಟ್ಟಿದ್ದು

ಭಾವನ ಬಾಸ್ ಗಿಟಾರಿನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಫೆಂಡರ್ ಎಂದು, ಅಮೆರಿಕದ ಹೆಸರಾಂತ ಗಿಟಾರ್ ಕಂಪನಿಯ ಹೆಸರು, ಬರೆದಿದೆ. ಬರೆದವರು ತೀರ್ಥಹಳ್ಳಿಯ ಒಬ್ಬ ಬೋರ್ಡ್ ಪೇಂಟರ್. ಅಕ್ಷರ ಚೆನ್ನಾಗಿದೆ. ಕೆಂಪು ಬಣ್ಣ, ಹಳದಿ ಅಂಚು, ಕೆಳಗೊಂದು ಬಳ್ಳಿ. ಅದೇ ಬಳ್ಳಿ ಅದೇ ಪೇಟೆಯ ಒಂದು ಬೇಕರಿಯ ಬೋರ್ಡಿನಲ್ಲೂ ಇದೆ. ಸ್ಪೆಲ್ಲಿಂಗಿನಲ್ಲಿ ಒಂದಕ್ಷರ ಬೇರೆಯಾಗಿದೆ. ಆದರೆ ಪೆಂಡಾಲಿನಲ್ಲಿ ಕೂತವರಿಗೆ ಅಷ್ಟು ದೂರಕ್ಕೆ ಕಾಣುತ್ತಿರಲಿಲ್ಲವಂತೆ.

ಭಾವ ಒಂದು ಕಾಲಕ್ಕೆ ಆರ್ಕೆಸ್ಟ್ರಾದಲ್ಲಿದ್ದವರು. ಗಣಪತಿ ಹಬ್ಬ ಬಂದರೆ ಸಾಗರ, ಹೊಸನಗರ, ಕೊಪ್ಪ ಅಂತ ಊರೂರು ರಸಮಂಜರಿ. ತೋಟ ಕೈಗೆ ಬಂದ ಮೇಲೆ ಬಾಸ್ ಅಟ್ಟ ಸೇರಿತು. ಅದೂ ಬಚ್ಚಲ ಒಲೆಯ ಮೇಲಿನ ಅಟ್ಟ. ಈ ಸಲ ಹಂಚು ಕೈಯಾಡಿಸುವಾಗ ಅದು ಮಸಿ ಮೆತ್ತಿಕೊಂಡು ಕೆಳಗಿಳಿಯಿತು. ಅಕ್ಕನ ಮಗ ಫೋಟೋ ತೆಗೆದು ಯಾರಿಗೋ ಕಳಿಸಿದ. ಬೆಂಗಳೂರಿನಿಂದ ಒಬ್ಬರು, ಹಳೆ ಗಿಟಾರ್ ಕೊಳ್ಳುವ ಹವ್ಯಾಸದವರು, ಬಂದು ನೋಡ್ತೀನಿ ಎಂದರು.

ಭಾವ ನನಗೆ ಫೋನ್ ಮಾಡಿದರು. "ನೀನು ಬಾ ಮಾರಾಯ. ಇದು ಸರಕೋ ಗೊರಬಲೋ ಅಂತ ಮೊದಲು ನೀನು ಹೇಳು, ಆಮೇಲೆ ಅವರು ಹೇಳ್ಲಿ."

ಅಡಿಕೆ ಮಂಡಿಗೆ ಓಡಾಡಿ ಅವರಿಗೆ ಲೋಕದ ವಸ್ತುಗಳೆಲ್ಲ ಅಡಿಕೆಯ ದರ್ಜೆಗಳ ಹಾಗೆ, ಮೇಲಿನ ಸರಕಿನಿಂದ ಶುರುವಾಗಿ ಬೆಟ್ಟೆ, ರಾಶಿ, ಕೊನೆಗೆ ಗೊರಬಲು ಎಂದೇ ಕಾಣುವುದು. ನಾನು ಶಿವಮೊಗ್ಗದಲ್ಲಿ ಮದುವೆ ರಿಸೆಪ್ಶನ್ನುಗಳಿಗೆ ಬಾಸ್ ನುಡಿಸುವವನು. ಹಾಗಾಗಿ ನಮ್ಮ ಮನೆತನದ ಮಟ್ಟಿಗೆ ತಜ್ಞ.

ಹೋಗಿ ಮೊದಲು ಮಸಿ ಒರೆಸಿದೆ. ಹಳೆ ಬಾಸಿನಲ್ಲಿ ತಲೆಯ ಮೇಲಿನ ಹೆಸರನ್ನು ನಂಬಬಾರದು. ಬೆನ್ನು ನೋಡಬೇಕು. ಫೆಂಡರ್‌ನವರು ಪ್ರಿಸಿಷನ್ ಬಾಸ್ ಎಂಬ ಮಾದರಿ ತಂದದ್ದು 1951ರಲ್ಲಿ, ಜಾಝ್ ಬಾಸ್ ಎಂಬ ಮಾದರಿ 1960ರಲ್ಲಿ. 1965ರಲ್ಲಿ ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಆ ಕಂಪನಿಯನ್ನು ಕೊಂಡಿತು. ಅದಕ್ಕೂ ಮುಂಚಿನ ಬಾಸ್ ಸಿಕ್ಕಿದರೆ ಭಾವ ಇನ್ನೊಂದು ಎಕರೆ ತೋಟ ಮಾಡಬಹುದು. ಆದರೆ ಇಲ್ಲಿ ಕತ್ತಿನ ಬುಡದ ಸ್ಟೀಲ್ ಪ್ಲೇಟಿನ ಮೇಲಿದ್ದದ್ದು ಎಚ್ 79 ಅಂತ ಶುರುವಾಗುವ ನಂಬರು. ಅಕ್ಷರ ತಿಂಗಳು, ಮುಂದಿನ ಎರಡು ಅಂಕಿ ವರ್ಷ. ಎಚ್ ಎಂಟನೆಯ ಅಕ್ಷರ. ಅಂದರೆ 1979ರ ಆಗಸ್ಟ್. ಜಪಾನಿನ ಮಾತ್ಸುಮೊಟೊದ ಫುಜಿಗೆನ್ ಕಾರ್ಖಾನೆಯ ಆ ಕಾಲದ ರೂಢಿ ಅದು. ಇಬಾನೆಜ್, ಗ್ರೆಕೋ ಎಂಬ ಹೆಸರಿನ ಗಿಟಾರುಗಳು ಎರಡೂ ಅಲ್ಲೇ ಆಗುತ್ತಿದ್ದವು. ಗ್ರೆಕೋ ಜಪಾನಿನೊಳಗೆ ಮಾರಲು, ಇಬಾನೆಜ್ ಹೊರದೇಶಕ್ಕೆ. ತೀರ್ಥಹಳ್ಳಿ ಹೊರದೇಶವೇ ಆದ್ದರಿಂದ ಇದು ಇಬಾನೆಜ್ ಇರಬೇಕು ಎಂದೆ.

"ಅಂದ್ರೆ ಡೂಪ್ಲಿಕೇಟಾ?" ಭಾವನ ಮುಖ ಇಳಿಯಿತು.

ಒಳ್ಳೆಯ ಡೂಪ್ಲಿಕೇಟು. ಆಗ ಜಪಾನಿನವರು ಅಮೆರಿಕದ ಗಿಟಾರುಗಳನ್ನು ಎಷ್ಟು ಚೆನ್ನಾಗಿ ನಕಲು ಮಾಡುತ್ತಿದ್ದರು ಅಂದರೆ, 1977ರಲ್ಲಿ ಅಮೆರಿಕದ ಇನ್ನೊಂದು ಗಿಟಾರ್ ಕಂಪನಿ ಗಿಬ್ಸನ್‌ನ ಮಾಲೀಕರು ತಲೆಯ ಆಕಾರದ ವಿಷಯಕ್ಕೆ ಇಬಾನೆಜ್‌ನ ಅಮೆರಿಕದ ವಿತರಕರ ಮೇಲೆ ಕೇಸನ್ನೇ ಹಾಕಿದರು. ಬರೀ ಆಕಾರಕ್ಕೆ ಕೇಸು! ನಮ್ಮ ಪೇಂಟರ್ ಬಳ್ಳಿ ಬಿಡಿಸಿದ್ದು ಅವರಿಗೆ ಗೊತ್ತಾಗಲಿಲ್ಲ, ಪುಣ್ಯ.

ಬೆಂಗಳೂರಿನವರು ಬಂದ ದಿನ ಮಳೆ ಅಂದರೆ ಮಳೆ. ಕರೆಂಟು ಬೆಳಿಗ್ಗೆಯೇ ಹೋಗಿತ್ತು. ಆಂಪ್ಲಿಫೈಯರಿಗೆ ಹಾಕಿ ಕೇಳುವ ಮಾತೇ ಇಲ್ಲ. ಅವರೇನೂ ಬೇಜಾರಾಗಲಿಲ್ಲ. ತಲೆಗೆ ಟಾರ್ಚ್ ಕಟ್ಟಿಕೊಂಡು, ಸ್ಕ್ರೂಡ್ರೈವರ್, ಮಲ್ಟಿಮೀಟರ್, ನೋಟ್‌ಬುಕ್ ಜೋಡಿಸಿಕೊಂಡು ಜಗಲಿಯಲ್ಲಿ ಕೂತರು. ಅಕ್ಕ ಕಷಾಯ ತಂದಿಟ್ಟು, "ಡಾಕ್ಟರಾ?" ಎಂದು ನನ್ನ ಕಿವಿಯಲ್ಲಿ ಕೇಳಿದಳು.

ಮೊದಲು ಕಣ್ಣಿಗೆ ಬಿದ್ದದ್ದು ನಾಬ್‌ಗಳು. ಒಂದು ವಾಲ್ವ್ ರೇಡಿಯೋದ್ದು, ಒಂದು ಫ್ಯಾನ್ ರೆಗ್ಯುಲೇಟರಿನದು, ಇನ್ನೊಂದು ಟೂತ್‌ಪೇಸ್ಟಿನ ಮುಚ್ಚಳ. ಆಮೇಲೆ ಬಣ್ಣ. ಕಿಟಕಿಗೆ ಹೊಡೆದು ಮಿಕ್ಕಿದ ಹಸಿರು ಎನಾಮಲ್. ಒಳಗಿನ ಗುಳಿ ತೆರೆದಾಗ ಅಂಚಿನಲ್ಲಿ ಹಳೆಯ ಸನ್‌ಬರ್ಸ್ಟ್, ನಡುವೆ ತಿಳಿಯಾಗಿ ಅಂಚಿಗೆ ಕಪ್ಪಾಗುವ ಬಣ್ಣ, ಇಷ್ಟೇ ಇಷ್ಟು ಕಂಡಿತು. ಮೂಲ ಬಣ್ಣ ಉಳಿಯುವುದೇ ಅಂಥ ಸಂದಿಯಲ್ಲಿ. ಅವರಿಗೆ ಒಂದು ಕ್ಷಣ ಖುಷಿ, ಮರುಕ್ಷಣ ಸಂಕಟ. ಬಣ್ಣ ಬದಲಾದರೆ ಹಳೆ ಗಿಟಾರಿನ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ಆ ವ್ಯಾಪಾರದವರ ಮಾತು. ನೋಟ್‌ಬುಕ್ಕಿನಲ್ಲಿ ಬೆಲೆಯಿಂದ ಏನೋ ಕಳೆದರು.

"ಎರಡು ಕೋಟ್ ಹೊಡೆಸಿದ್ದು, ಅದನ್ನೂ ಬರ್ಕೊಳ್ಳಿ," ಎಂದರು ಭಾವ.

ಅಲ್ಲಿಂದ ಮುಂದೆ ಇಡೀ ವ್ಯವಹಾರ ಹೀಗೇ ನಡೆಯಿತು. ಅವರು ಕಳೆಯುತ್ತಿದ್ದ ಪ್ರತಿಯೊಂದನ್ನೂ ಭಾವ ಕೂಡುತ್ತಿದ್ದರು. ವಾಲ್ಯೂಮ್ ಪಾಟ್, ಅಂದರೆ ನಾಬ್ ಕೆಳಗಿದ್ದು ಸದ್ದು ಏರಿಳಿಸುವ ಭಾಗ, ಬದಲಾಗಿದೆ ಎಂದು ಅವರು. ಒಳ್ಳೇದು ಹಾಕಿಸಿದ್ದೇನೆ ಎಂದು ಇವರು. ಬೆನ್ನಲ್ಲಿ ಉಳಿಯಲ್ಲಿ ಕೊರೆದು ಬ್ಯಾಟರಿಗೆ ಗೂಡು ಮಾಡಿ, ಸ್ವಿಚ್‌ಬೋರ್ಡಿನ ಹೈಲಂ ಶೀಟ್ ಮುಚ್ಚಿದ್ದಾರಲ್ಲ ಎಂದು ಅವರು. ಆಚಾರಿಗೆ ಕೊಟ್ಟ ಕೂಲಿಯ ಲೆಕ್ಕ ಇವರು.

ಈ ಎಲೆಕ್ಟ್ರಾನಿಕ್ಸ್ ಎಲ್ಲ ನಾವು ಚಿಕ್ಕವರಿದ್ದಾಗಿಂದ ರೇಡಿಯೋ ಮಾಮ ಅಂತ ಕರೆಯುವ ರಿಪೇರಿಯವರ ಕೈಕೆಲಸ. ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂಥ ಬಾಸ್‌ಗಳಿಗೆ ಸಾಮಾನ್ಯವಾಗಿ ಇರುವುದು 250 ಕಿಲೋ ಓಮ್‌ನ ಪಾಟ್. ಮಾಮ ಹಾಕಿದ್ದು ರೇಡಿಯೋದ ಒಂದು ಮೆಗಾ ಓಮ್‌ನದು, ಟಕ್ ಅಂತ ಆನ್ ಆಗುವ ಸ್ವಿಚ್ ಸಮೇತ. ಜೊತೆಗೆ ಟ್ರೆಬಲ್, ಬೇಸ್ ಏರಿಳಿಸುವ ಪುಟ್ಟ ಸರ್ಕ್ಯೂಟ್, ಒಂಬತ್ತು ವೋಲ್ಟಿನ ಬ್ಯಾಟರಿ. ಕಂಪನಿಯಲ್ಲಿ ಮಾಡಿದ ಬ್ಯಾಟರಿ ಬಾಸ್‌ಗಳಲ್ಲಿ ಹೆಚ್ಚಾಗಿ ಕೇಬಲ್ ಚುಚ್ಚಿದರೆ ಬ್ಯಾಟರಿ ಆನ್. ಚುಚ್ಚುವ ಜಾಕ್ ಸ್ಟೀರಿಯೋದ್ದು, ಅದರ ಒಂದು ಕಾಲೇ ಸ್ವಿಚ್ಚಿನ ಕೆಲಸ ಮಾಡುತ್ತದೆ. ಕೇಬಲ್ ಕೀಳದೆ ಮಲಗಿದರೆ ಬ್ಯಾಟರಿ ಸುಮ್ನೆ ಕರಗುತ್ತಾ ಇರುತ್ತದೆ. ಮಾಮನ ಬಾಸ್‌ನಲ್ಲಿ ಆ ರಗಳೆಯಿಲ್ಲ. ರೇಡಿಯೋ ಆರಿಸಿದ ಹಾಗೆ ಟಕ್ ಅನ್ನಿಸಿ ಮಲಗಬಹುದು. ನನ್ನನ್ನು ಕೇಳಿದರೆ ಇದು ಕಂಪನಿಯದಕ್ಕಿಂತ ಜಾಣ ಕೆಲಸ. ಆದರೆ ಹಳೆ ಗಿಟಾರಿನ ಪೇಟೆಯಲ್ಲಿ ಜಾಣತನಕ್ಕೆ ರೇಟಿಲ್ಲ. ಕಾರ್ಖಾನೆಯ ಬೆಸುಗೆ ಅಲುಗಾಡದೆ ಇರಬೇಕು, ಅಷ್ಟೇ. ಕೆಟ್ಟು ಕೂತಿದ್ದರೂ ಪರವಾಗಿಲ್ಲ, ಯಾರೂ ಮುಟ್ಟಿರಬಾರದು!

ಮಲ್ಟಿಮೀಟರಿನ ಸರದಿ ಬಂತು. ಮಧ್ಯೆ ಈ ಸರ್ಕ್ಯೂಟ್ ಇರುವುದರಿಂದ ಜಾಕಿನಲ್ಲಿ ಅಳೆದರೆ ಏನೂ ತಿಳಿಯುವುದಿಲ್ಲ. ತಂತಿಯ ಕಂಪನ ಹಿಡಿಯುವ ಸುರುಳಿಗೆ ಪಿಕಪ್ ಎನ್ನುತ್ತಾರೆ, ಅದರ ವೈರನ್ನೇ ಬಿಡಿಸಿ ಹಿಡಿಯಬೇಕು. ಜಾಝ್ ಬಾಸ್ ಮಾದರಿಯ ಪಿಕಪ್ ಏಳೆಂಟು ಕಿಲೋ ಓಮ್ ತೋರಿಸಿದರೆ ಆರೋಗ್ಯವಾಗಿದೆ ಎಂದರ್ಥ. ಒಂದು ಏಳೂವರೆ ತೋರಿಸಿತು. ಇನ್ನೊಂದು ಏನೂ ತೋರಿಸಲಿಲ್ಲ. ಒಳಗೆ ಕೂದಲೆಳೆಯಂಥ ತಂತಿ ಎಲ್ಲೋ ತುಂಡಾಗಿದೆ.

"ಇದು ಸತ್ತಿದೆ," ಎಂದರು ಬೆಂಗಳೂರಿನವರು.

"ಅದು ಕೊಪ್ಪದ ಪ್ರೋಗ್ರಾಮಿನಲ್ಲೇ ಸತ್ತಿದ್ದು. ಆಮೇಲೂ ಎಷ್ಟೋ ವರ್ಷ ಒಂದರಲ್ಲೇ ನುಡಿಸಿದ್ದೇನೆ. ಒಬ್ಬರೂ ಕೇಳ್ಲಿಲ್ಲ," ಎಂದರು ಭಾವ, ಹೆಮ್ಮೆಯಿಂದ. ಬಾಸ್ ನುಡಿಸುವವರ ಪಾಡೇ ಅಷ್ಟು. ನಿಂತರೆ ಮಾತ್ರ ಗೊತ್ತಾಗುತ್ತದೆ, ಅದೂ ಡ್ರಮ್ಮಿನವನಿಗೆ.

ಭಾವ ಗೆದ್ದದ್ದು ಒಂದೇ ಕಡೆ. ಹೊಗೆ ಕುಡಿದ ಕತ್ತಿನ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಅಷ್ಟು ಮಳೆಗಾಲ ಕಳೆದರೂ ಬಾಗಿರಲಿಲ್ಲ. ಒಲೆಯ ಮೇಲಿದ್ದದ್ದಕ್ಕೇ ಇರಬೇಕು. ಬೆಂಗಳೂರಿನವರು ಅದನ್ನು ಸವರಿ ಸವರಿ ನೋಡಿದರು. ಹೊಸ ಗಿಟಾರನ್ನೇ ಉಜ್ಜಿ, ಕೆರೆದು, ಹಳತು ಕಾಣುವಂತೆ ಮಾಡಿ ಜಾಸ್ತಿ ಬೆಲೆಗೆ ಮಾರುತ್ತಾರೆ, ಫೆಂಡರ್‌ನವರೇ 1990ರ ದಶಕದಿಂದ ಮಾಡುತ್ತಿದ್ದಾರೆ ಎಂದರು. ಭಾವ ಕಷಾಯದ ಲೋಟ ಕೆಳಗಿಟ್ಟರು. "ಹಂಗಾದ್ರೆ ನಮ್ಮ ಅಟ್ಟಕ್ಕೆ ಎಂತ ಕೊಡ್ತೀರಿ?"

ಕೊನೆಗೆ ಅವರ ಲೆಕ್ಕ ಮೂವತ್ತು ಸಾವಿರಕ್ಕೆ ನಿಂತಿತು. ಭಾವನದು ಒಂದು ಲಕ್ಷ ದಾಟಿತ್ತು. ನಡುವೆ ಕೂತ ನಾನು ಕೋಡುಬಳೆ ತಿಂದೆ. ಆಗ ಅವರು ಒಂದು ದಾರಿ ತೋರಿಸಿದರು. ತೆಗೆದ ಒರಿಜಿನಲ್ ಪಾಟ್, ನಾಬ್ ಸಿಕ್ಕಿದರೆ ಇನ್ನೂ ಹದಿನೈದು ಸಾವಿರ ಸೇರಿಸುತ್ತೇನೆ ಎಂದರು. ಇದು ನ್ಯಾಯವಾದ ಮಾತು. ಹಳೆ ಭಾಗಗಳನ್ನು ಪೊಟ್ಟಣ ಕಟ್ಟಿ ಇಟ್ಟುಕೊಂಡ ಮಾಲೀಕನಿಗೆ ಎಲ್ಲೇ ಹೋದರೂ ನಾಲ್ಕು ಕಾಸು ಜಾಸ್ತಿ ಸಿಗುತ್ತದೆ.

ರೇಡಿಯೋ ಮಾಮನ ಅಂಗಡಿಗೆ ಹೋದೆವು. ಅವರು ಏನನ್ನೂ ಎಸೆದವರಲ್ಲ. ನಾಬ್‌ಗಳು ಹಾರ್ಲಿಕ್ಸ್ ಬಾಟಲಿಯಲ್ಲಿ ಸಿಕ್ಕವು. ಪಾಟ್‌ಗಳು?

"ಅವು ಚಲೋ ಇದ್ದವಲ್ಲ, ಸುಮ್ನೆ ಯಾಕೆ ಇಡೋದು? ಗಣಪತಿ ಮಂಡಳಿಯ ಆಂಪ್ಲಿಫೈಯರಿಗೆ ಹಾಕ್ದೆ. ಇವತ್ತಿಗೂ ಕರಕರ ಅಂದಿಲ್ಲ."

ಹಾಗಾದರೆ ತೆಗೆದುಕೊಡಿ, ಬದಲಿಗೆ ಹೊಸದು ಹಾಕಿಸುತ್ತೇನೆ ಎಂದರು ಬೆಂಗಳೂರಿನವರು. ಆಂಪ್ಲಿಫೈಯರ್ ಮಂಡಳಿಯ ಆಸ್ತಿ, ಮೀಟಿಂಗಿನಲ್ಲಿ ಪಾಸಾಗಬೇಕು, ಮೀಟಿಂಗ್ ವಿಸರ್ಜನೆ ಆದ ಮೇಲೆ ಎಂದರು ಮಾಮ. ಮಳೆಗೆ ಅಂಗಡಿಯೊಳಗೆ ನಿಂತಿದ್ದ ಒಬ್ಬರು ಅಷ್ಟೂ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು. ಅವರೇ ಮಂಡಳಿಯ ಖಜಾಂಚಿ. ಬೆಂಗಳೂರಿನವರು ತಡಮಾಡದೆ ಎರಡು ಸಾವಿರ ಅಡ್ವಾನ್ಸ್ ಅವರ ಕೈಗಿಟ್ಟರು. ಆ ಪಾಟ್ ಬೇರೆ ಯಾರಿಗೂ ಹೋಗಬಾರದು ಎಂದರು.

ಖಜಾಂಚಿ ನೋಟು ಎಣಿಸಿ ಜೇಬಿಗಿಟ್ಟುಕೊಂಡರು. ಪ್ಲಾಸ್ಟಿಕ್ ಕವರಿನಿಂದ ರಶೀದಿ ಪುಸ್ತಕ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿ, ಬಹಳ ಮರ್ಯಾದೆಯಿಂದ ಕೇಳಿದರು:

"ಪೂಜೆ ಯಾರ ಹೆಸರಿಗೆ ಸಾರ್? ಗೋತ್ರ, ನಕ್ಷತ್ರ ಹೇಳಿ."