ಕರಟದೊಳಗಿನ ಬಾಣಂತಿ

ನಮ್ಮ ಮನೆಯ ಹಾಲ್‌ನಲ್ಲಿ ಈಗ ಯಾರೂ ಧಡಧಡ ಓಡಾಡುವ ಹಾಗಿಲ್ಲ. ಬಾಣಂತಿ ಇದ್ದಾಳೆ. ಎರಡು ಇಂಚು ಉದ್ದ, ಅರಿಶಿನದ ಬಣ್ಣ, ವಾಸ ತೆಂಗಿನ ಕರಟದಲ್ಲಿ.

ಊರು ಕೇಳಿದರೆ ಅಮೆಜಾನ್ ಕಡೆಯ ತೊರೆಗಳು. ಹೆಸರು ಕಾಕಟೂ ಸಿಕ್ಲಿಡ್, ಗಾಜಿನ ತೊಟ್ಟಿಯಲ್ಲಿ ಸಾಕುವ ಪುಟ್ಟ ಮೀನು. ಗಂಡಿನ ಬೆನ್ನ ಮೇಲಿನ ರೆಕ್ಕೆಯ ಮೊದಲ ಕಡ್ಡಿಗಳು ಕಾಕಟೂ ಹಕ್ಕಿಯ ಜುಟ್ಟಿನ ಹಾಗೆ ಎದ್ದು ನಿಲ್ಲುತ್ತವೆ, ಅದಕ್ಕೇ ಆ ಹೆಸರು. ಮೂರು ಇಂಚಿನ ಈ ಮಹರಾಯನದು ಯಾವಾಗಲೂ ಮದುವೆ ಗಂಡಿನ ಠೀವಿ. ಹೆಣ್ಣು ಮಾಮೂಲಿ ದಿನಗಳಲ್ಲಿ ಬಣ್ಣಗೆಟ್ಟ ಹಳೇ ಸೀರೆ. ಮೊಟ್ಟೆ ಇಡುವ ಹೊತ್ತಿಗೆ ಮಾತ್ರ ಮೈಯೆಲ್ಲ ಅರಿಶಿನ, ಕಣ್ಣಿಗೆ ಕಪ್ಪು.

ನಮ್ಮದು ಬೆಂಗಳೂರಿನ ಬೋರ್‌ವೆಲ್ ನೀರು. ಬಕೆಟ್ಟಿಗೆ ಬಿಳಿ ಪೊರೆ ಕಟ್ಟುವಂಥದ್ದು. ಇವಳ ತವರಿನದು ಮೆದು ನೀರು, ತಳದಲ್ಲಿ ಉದುರಿದ ಎಲೆ ಹಾಸಿಕೊಂಡದ್ದು. ಈ ಜಾತಿ ಒಂದಿಷ್ಟು ಹೊಂದಿಕೊಳ್ಳುತ್ತದೆ, ನಿಜ. ಆದರೂ ಸುಮ್ನೆ ಯಾಕೆ ಪರೀಕ್ಷೆ ಅಂತ ತಾರಸಿಯ ಮಳೆನೀರು ಹಿಡಿದು ಬೆರೆಸಿದೆ. ಪಾರ್ಕಿನಿಂದ ಕಾಡುಬಾದಾಮಿಯ ಒಣ ಎಲೆ ಆಯ್ದು ತಂದು ಹಾಕಿದೆ. ಎರಡು ದಿನದಲ್ಲಿ ನೀರು ತೆಳು ಡಿಕಾಕ್ಷನ್. “ದುಡ್ಡು ಕೊಟ್ಟು ಗಾಜಿನ ತೊಟ್ಟಿ ತಂದು ಅದರೊಳಗೆ ಕಸ ಹಾಕ್ತೀಯಲ್ಲೋ” ಅಂದರು ಅಮ್ಮ. ಕರಟ ಮಾತ್ರ ಅವರೇ ಕೊಟ್ಟಿದ್ದು, ಚಟ್ನಿಗೆ ತುರಿದು ಉಳಿದದ್ದು. ಅಂಚಿನಲ್ಲಿ ಹೆಬ್ಬೆರಳು ಹೋಗುವಷ್ಟು ಬಾಗಿಲು ಕೊರೆದು, ಚೆನ್ನಾಗಿ ಕುದಿಸಿ, ಬೋರಲು ಹಾಕಿದೆ.

ಮೊಟ್ಟೆಗಳನ್ನು ಅವಳು ಕರಟದ ಒಳಗೆ, ಮೇಲ್ಛಾವಣಿಗೆ ಅಂಟಿಸುತ್ತಾಳೆ. ಮೊದಲ ಸಲ ನನಗೆ ತಡೆಯಲಾಗಲಿಲ್ಲ. ಕರಟ ಎತ್ತಿ, ಟಾರ್ಚ್ ಬಿಟ್ಟು, ಎಣಿಸಿದೆ. ಐವತ್ತೋ ಅರವತ್ತೋ ಇದ್ದವು. ಬೆಳಿಗ್ಗೆ ನೋಡಿದರೆ ಒಂದೂ ಇಲ್ಲ. ಹೆದರಿ ತಾನೇ ತಿಂದುಬಿಟ್ಟಿದ್ದಳು. ಕೈಗೆ ಚಿಪ್ಪು ಅಂದರೆ ಏನು ಅಂತ ಅವತ್ತು ತಿಳಿಯಿತು.

ಎರಡನೇ ಸಲ ಕೈ ಕಟ್ಟಿ ಕೂತೆ. ಮೂರು ದಿನಕ್ಕೆ ಮೊಟ್ಟೆ ಒಡೆಯಿತು. ಇನ್ನೊಂದು ವಾರದೊಳಗೆ ಮರಿಗಳು ಅಮ್ಮನ ಹಿಂದೆ ಹೊರಬಂದವು, ಸಾಸಿವೆಗೆ ಬಾಲ ಬಂದ ಹಾಗೆ. ಅವುಗಳ ಊಟಕ್ಕೆ ಆರ್ಟೀಮಿಯಾ. ಉಪ್ಪುನೀರಿನ ಬಾಟಲಿಯಲ್ಲಿ ಗಾಳಿ ಬಿಟ್ಟು ಒಂದು ದಿನ ಇಟ್ಟರೆ ಮೊಟ್ಟೆಯೊಡೆಯುವ ಕಿತ್ತಳೆ ಬಣ್ಣದ, ಸಿಗಡಿಯಂಥ ಪುಟಾಣಿ ಜೀವಿಗಳು. ಈಗ ನಮ್ಮ ಅಡುಗೆ ಕಟ್ಟೆಯ ಮೇಲೆ, ಇಡ್ಲಿ ಹಿಟ್ಟಿನ ಪಕ್ಕದಲ್ಲೇ, ಹಗಲೂ ರಾತ್ರಿ ಗುಳುಗುಳು. ತಿಂದ ಮರಿಯ ಹೊಟ್ಟೆ ಅರ್ಧ ಗಂಟೆಯಲ್ಲಿ ಕಿತ್ತಳೆಯಾಗುತ್ತದೆ. ಹೊಟ್ಟೆ ತುಂಬಿತೋ ಇಲ್ಲವೋ ಅಂತ ಇಷ್ಟು ಸ್ಪಷ್ಟವಾಗಿ ನಮ್ಮ ಮಕ್ಕಳೂ ಹೇಳಿದವರಲ್ಲ.

ನನಗೆ ಇಷ್ಟವಾದದ್ದು ಒಂದು ಗಳಿಗೆ. ಗಾಜಿನ ಹತ್ತಿರ ಯಾರಾದರೂ ಕೈಯಾಡಿಸಿದರೆ ಅವಳು ಮೈಯನ್ನು ಒಮ್ಮೆ ಪಟಕ್ಕನೆ ಕುಲುಕುತ್ತಾಳೆ. ಅಷ್ಟೂ ಮರಿಗಳು ಒಟ್ಟಿಗೆ ಬಾದಾಮಿ ಎಲೆಯ ಮೇಲೆ ಇಳಿದು ಕದಲದೆ ಕೂರುತ್ತವೆ. ಎಲೆ ಮಾತ್ರ ಕಾಣುತ್ತದೆ.

ಗಂಡಿನ ಪಾಡು ಬೇಡ. ತನಗಿಂತ ಒಂದು ಇಂಚು ದೊಡ್ಡವನನ್ನು ಫಿಲ್ಟರ್ ಹಿಂದಿನ ಮೂಲೆಗೆ ಅಟ್ಟಿದ್ದಾಳೆ. ಜುಟ್ಟು ಮಡಚಿಕೊಂಡು ಅಲ್ಲೇ ಇರುತ್ತಾನೆ.

ನಿನ್ನೆ ಸಂಜೆ ಅಮ್ಮ ಟಿವಿ ಸೌಂಡ್ ಕಡಿಮೆ ಮಾಡಿ, ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂತರು. ಅವನು ಮೆಲ್ಲಗೆ ಇಣುಕಿದ. “ಹೋಗೋ ಆ ಕಡೆ” ಅಂದರು. “ಇನ್ನೂ ತಿಂಗಳು ಕೂಡ ತುಂಬಿಲ್ಲ.”