ಅಡ್ಮಿಟ್ ಆಗಿದ್ರಾ ಸರ್?

ಅಮ್ಮನಿಗೆ 72. ಅಪ್ಪ ಹೋದ ಮೇಲೆ ಮಾತೇ ಕಡಿಮೆ. ಮುಂದಿಟ್ಟ ಕಾಫಿ ಆರಿಹೋದರೂ ಮುಟ್ಟುವುದಿಲ್ಲ. ಚಿಕ್ಕಮಗಳೂರಿನವರು ಬಿಸಿ ಕಾಫಿ ಬಿಟ್ಟರೆ ಏನೋ ಸರಿಯಿಲ್ಲ ಅಂತಲೇ ಅರ್ಥ, ಅಲ್ವಾ?

ಹಿರಿಯರ ಚೆಕಪ್ ಪ್ಯಾಕೇಜ್ ಮಾಡಿಸಿದೆ. ಶುಗರ್, ಬಿಪಿ, ಇಸಿಜಿ, ಥೈರಾಯ್ಡ್ ಎಲ್ಲ ನೋಡಿದರು. ನಿದ್ದೆ ಬರುತ್ತಾ, ಬೇಜಾರಾಗುತ್ತಾ ಅಂತ ಒಬ್ಬರೂ ಕೇಳಲಿಲ್ಲ. ನಾನೇ ಹೇಳಿದರೆ, 'ವಯಸ್ಸಾಯ್ತಲ್ಲ, ಇದ್ದಿದ್ದೇ' ಅಂದರು. ಹಿರಿಯರಲ್ಲಿ ಖಿನ್ನತೆ ಪತ್ತೆ ಮಾಡಲಿಕ್ಕೆ ಅಂತಲೇ 15 ಪ್ರಶ್ನೆಗಳ ಪಟ್ಟಿ ಇದೆ. ಎಲ್ಲ ಹೌದು, ಇಲ್ಲ ಅನ್ನುವ ಪ್ರಶ್ನೆಗಳು. ರಕ್ತ ಬೇಡ, ಮೆಷಿನ್ ಬೇಡ, ಖಾಲಿ ಹೊಟ್ಟೆಯೂ ಬೇಡ. ಹತ್ತು ನಿಮಿಷವೇ ಜಾಸ್ತಿ.

ಕೊನೆಗೆ ಹಾಸನದ ಬಸ್ ಹತ್ತಿಸಿ ಮನೋವೈದ್ಯರಿಗೆ ತೋರಿಸಿದೆ. ಖಿನ್ನತೆಯೇ. ಮಾತ್ರೆ, ಕೌನ್ಸೆಲಿಂಗ್ ಶುರುವಾಯಿತು. ವಿಮೆಯವರಿಗೆ ಫೋನ್ ಮಾಡಿದರೆ ಮೊದಲ ಪ್ರಶ್ನೆ: 'ಅಡ್ಮಿಟ್ ಆಗಿದ್ರಾ ಸರ್?' ಇಲ್ಲಪ್ಪ, ನಡೆದುಕೊಂಡೇ ಬಂದು ಹೋಗ್ತಾರೆ ಅಂದೆ. 'ಹಾಗಾದ್ರೆ ಬರಲ್ಲ ಸರ್. 24 ಗಂಟೆ ಆಸ್ಪತ್ರೆಯಲ್ಲಿ ಇರಬೇಕು.'

ಮೈಗೆ ಬರುವ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಿ ಅನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ. ಕಂಪನಿಯವರು ಕೊಟ್ಟಿದ್ದೇವೆ ಅನ್ನುತ್ತಾರೆ. ಸುಳ್ಳೇನಲ್ಲ. ಎರಡಕ್ಕೂ ಒಂದೇ ಷರತ್ತು, ಹಾಸಿಗೆ ಹಿಡಿಯಬೇಕು. ಆದರೆ ಖಿನ್ನತೆಯ ಚಿಕಿತ್ಸೆ ಹೆಚ್ಚಾಗಿ ನಡೆಯುವುದೇ ಕುರ್ಚಿಯಲ್ಲಿ ಕೂತು! ಹೊರರೋಗಿ ಖರ್ಚು ಕೊಡುವ ಪಾಲಿಸಿಯೂ ಇದೆಯಂತೆ. ಪ್ರೀಮಿಯಂ ಕೇಳಿ ನನಗೇ ಬೇಜಾರು ಶುರುವಾಯಿತು.

ಮುಂದಿನ ವಾರ ಮತ್ತೆ ಹಾಸನ, ಮತ್ತೆ ಕೈಯಿಂದಲೇ ದುಡ್ಡು. ನಿನ್ನೆ ಅಮ್ಮ ಕಾಫಿಯನ್ನು ಬಿಸಿಯಾಗೇ ಕುಡಿದರು. ಸಕ್ಕರೆ ಕಡಿಮೆ ಅಂತ ಬೈದರು ಕೂಡ.