ಟೋಪಿ ಹಾಕುವ ಮಾಂತ್ರಿಕರು

ಮತ್ತೊಬ್ಬ ಮಹಾಶಯರು ಘೋಷಿಸಿಬಿಟ್ಟಿದ್ದಾರೆ. ಇನ್ನು ಮೇಲೆ ಮಕ್ಕಳ ಮಾಯಾಮಂತ್ರದ ಕಾರ್ಟೂನ್ ಸಿನಿಮಾಕ್ಕೆ ಚಿತ್ರಗಾರರೇ ಬೇಡವಂತೆ. 'ಉದ್ದ ಗಡ್ಡದ ಮಾಂತ್ರಿಕ, ನಕ್ಷತ್ರದ ಟೋಪಿ, ಹಿಂದೊಂದು ಡ್ರಾಗನ್' ಎಂದು ಕೃತಕ ಬುದ್ಧಿಮತ್ತೆಯ (ಎಐ) ಯಂತ್ರಕ್ಕೆ ಒಂದು ಸಾಲು ಟೈಪ್ ಮಾಡಿ ಗುಂಡಿ ಒತ್ತಿದರೆ ಛೂಮಂತರ್! ಮಂತ್ರಕ್ಕೆ ಮಾವಿನಕಾಯಿ ಉದುರೀತೇ ಎಂದು ಕೇಳುತ್ತಿದ್ದವರು ಈಗ ನೋಡಬೇಕು. ಉದುರುತ್ತಿದೆ. ಕಾಯಿಗೆ ಎರಡೆರಡು ತೊಟ್ಟು, ಅಷ್ಟೇ.

ಪಾಪ, ಹಳಬರಿಗೆ ಈ ವಿದ್ಯೆ ಸಿದ್ಧಿಸಿರಲಿಲ್ಲ. ಮಾಂತ್ರಿಕ ಕೋಲು ಬೀಸುವ ಒಂದು ಸೆಕೆಂಡಿಗೆ 24 ಫ್ರೇಮು. ಒಂದೊಂದು ಚಿತ್ರವನ್ನು ಎರಡೆರಡು ಫ್ರೇಮ್ ನಿಲ್ಲಿಸಿ ಉಳಿತಾಯ ಮಾಡಿದರೂ 12 ಚಿತ್ರ. ಕೋಲು ಹಿಂದಕ್ಕೆಳೆದದ್ದು, ಬೀಸಿದ್ದು, ನಿಂತದ್ದು ಎಂಬ ಮುಖ್ಯ ಭಂಗಿಗಳನ್ನು ಹಿರಿಯ ಕಲಾವಿದ ಬರೆಯಬೇಕು, ನಡುವಿನವನ್ನು ಸಹಾಯಕ ತುಂಬಬೇಕು. ಕೈ ಕಮಾನಿನ ಹಾದಿ ಬಿಟ್ಟು ನೆಟ್ಟಗೆ ಸಾಗಿತೋ, ಮಾಂತ್ರಿಕ ನೊಣ ಹೊಡೆಯುವವನಾಗುತ್ತಾನೆ. ಕೈ ನಿಂತ ಮೇಲೂ ತೋಳಿನ ಬಟ್ಟೆ ಮತ್ತು ಗಡ್ಡ ಎರಡು ಮೂರು ಚಿತ್ರ ತಡವಾಗಿ ಬಂದು ನಿಲ್ಲಬೇಕು, ಇಲ್ಲದಿದ್ದರೆ ಅದು ಹಲಗೆಯ ಗಡ್ಡ. ಕೋಲಿನ ತುದಿಯ ಕಿಡಿ, ಹೊಗೆ ಬರೆಯಲು ಬೇರೆಯೇ ಕಲಾವಿದರು. ಮಗು ಬಾಯಿಗೆ ತುತ್ತಿಡುವಷ್ಟರಲ್ಲಿ ಮುಗಿದುಹೋಗುವ ಒಂದು ಬೀಸಿಗೆ ಇಷ್ಟು ಒದ್ದಾಟ. ದಡ್ಡರು.

ಡಿಸ್ನಿಯ 1963ರ ಕಾರ್ಟೂನ್ 'ದ ಸ್ವೋರ್ಡ್ ಇನ್ ದ ಸ್ಟೋನ್' ಚಿತ್ರದಲ್ಲಿ ಮಾಂತ್ರಿಕ ಮೆರ್ಲಿನ್‌ಗೂ ಮಾಟಗಾತಿ ಮ್ಯಾಡಮ್ ಮಿಮ್‌ಗೂ ನಡೆಯುವ ಮಂತ್ರಯುದ್ಧ ನೆನಪಿದೆಯಲ್ಲ? ಆತ ಆಮೆ, ಮೊಲ, ಏಡಿ, ಮೇಕೆ. ಆಕೆ ಮೊಸಳೆ, ನರಿ, ಕೋಳಿ, ಆನೆ. ಕ್ಷಣಕ್ಕೊಂದು ರೂಪ. ಆದರೂ ಯಾರು ಯಾರೆಂದು ಮೂರು ವರ್ಷದ ಮಗುವಿಗೂ ಗೊಂದಲವಿಲ್ಲ. ಯಾವ ಪ್ರಾಣಿಯಾದರೂ ಮೆರ್ಲಿನ್ ನೀಲಿಯೇ, ಕನ್ನಡಕ ಮೀಸೆ ಹಾಗೇ ಇರುತ್ತವೆ. ಮಿಮ್ ಏನೇ ಆದರೂ ಗುಲಾಬಿ-ನೇರಳೆ, ಅದೇ ಕೆದರಿದ ಕೂದಲು. ಯುದ್ಧಕ್ಕೆ ಮುಂಚೆ ನಿಯಮವೂ ಆಗಿತ್ತು: ಗುಲಾಬಿ ಡ್ರಾಗನ್‌ನಂಥ ಇಲ್ಲದ ಪ್ರಾಣಿಯಾಗುವಂತಿಲ್ಲ. ಸೋಲು ಹತ್ತಿರವಾದಾಗ ಮಿಮ್ ಡ್ರಾಗನ್ನೇ ಆದಳು. ನೇರಳೆ ಬಣ್ಣದ್ದು ಬೇಡವೆಂದು ನಾನೆಲ್ಲಿ ಹೇಳಿದ್ದೆ ಎಂಬುದು ಆಕೆಯ ವಾದ. 'ನಾವು ಯಾರ ಚಿತ್ರವನ್ನೂ ಕದ್ದಿಲ್ಲ, ಅವರ ಶೈಲಿಯನ್ನು ಕಲಿತಿದ್ದೇವೆ' ಎನ್ನುವ ಎಐ ಕಂಪನಿಗಳ ವಕೀಲರು ಯಾವ ಗುರುಕುಲದಲ್ಲಿ ಓದಿದರೆಂದು ಈಗ ಗೊತ್ತಾಯಿತು. ಮೆರ್ಲಿನ್ ರೋಗಾಣುವಾಗಿ ಆಕೆಯ ಮೈಗೆ ಹೊಕ್ಕು ಮಲಗಿಸಿದ. ವಕೀಲರಿಗೆ ಅದೂ ತಗಲುವುದಿಲ್ಲ.

ಇನ್ನು ಪೊರಕೆಯ ವಿಷಯ. ಗುರು ಇಲ್ಲದಾಗ ಪೊರಕೆಗೆ ಜೀವ ಕೊಟ್ಟು ನೀರು ಹೊರಿಸಿ, ನಿಲ್ಲಿಸಲಾಗದೆ ಕೊಡಲಿ ಹಿಡಿದ ಶಿಷ್ಯನದ್ದು. ಜರ್ಮನ್ ಕವಿ ಗಯಟೆ ಇದನ್ನು 1797ರಲ್ಲಿ ಕವನ ಮಾಡಿದ. ಅದಕ್ಕೂ ಹದಿನಾರು ಶತಮಾನ ಹಿಂದೆ ಗ್ರೀಕ್ ಲೇಖಕ ಲೂಸಿಯನ್ ಹೇಳಿದ ಕಥೆಯಲ್ಲಿ ನೀರು ಹೊತ್ತದ್ದು ಒನಕೆ. 1940ರ ಡಿಸ್ನಿ ಚಿತ್ರ 'ಫ್ಯಾಂಟೇಸಿಯ'ದಲ್ಲಿ ಗುರು ಮಲಗಲು ಹೋದಾಗ ಅವನ ಟೋಪಿ ಕದ್ದ ಶಿಷ್ಯ ಮಿಕ್ಕಿ ಮೌಸ್ ಕಡಿದ ಪೊರಕೆಯ ಚೂರುಚೂರೂ ಎದ್ದು ಬಿಂದಿಗೆ ಹಿಡಿದವು. ದಂಡುಗಟ್ಟಿ ನೀರು ಹೊರುವ ಕೂಲಿಯಿಲ್ಲದ ಆಳುಗಳು! ಯಾವ ಮಾಲೀಕನಿಗೆ ಇಷ್ಟವಾಗದು? ಆ ಚಿತ್ರ ತೆರೆಕಂಡ ಆರೂವರೆ ತಿಂಗಳಿಗೆ, 1941ರ ಮೇ 29ರಂದು, ಡಿಸ್ನಿಯ ಚಿತ್ರಗಾರರೇ ಮುಷ್ಕರ ಹೂಡಿ ಗೇಟಿನ ಮುಂದೆ ನಿಂತರು. ಅದೇ ಚಿತ್ರದಲ್ಲಿ ಅಣಬೆಗಳನ್ನು ಕುಣಿಸಿದ್ದ ಆರ್ಟ್ ಬ್ಯಾಬಿಟ್ ಮುಂದಾಳು. ಸಂಘ ಕಟ್ಟಿದ್ದಕ್ಕೆ ಅವರನ್ನು ಕೆಲಸದಿಂದ ತೆಗೆಯಲಾಗಿತ್ತು.

ನಗು ಸಾಕು. ಈ ಯಂತ್ರ ಗಡ್ಡ ಬರೆಯಲು ಕಲಿತದ್ದು ಯಾರು ಬರೆದ ಗಡ್ಡ ನೋಡಿ? ಅವರನ್ನು ಕೇಳಲಿಲ್ಲ, ದುಡ್ಡು ಕೊಡಲಿಲ್ಲ, ಹೆಸರೂ ಹಾಕಲಿಲ್ಲ. ಕದ್ದ ಟೋಪಿ ತಲೆಗೇರಿಸಿ ಗುರುವಿಗೇ ತಿರುಮಂತ್ರ ಹೇಳುವವರಿಗೆ ಚಪ್ಪಾಳೆ ಬೇರೆ.

ಅವರ ಮಾಂತ್ರಿಕನನ್ನೇ ನೋಡಿ. ಮೊದಲ ಶಾಟ್‌ನಲ್ಲಿ ಟೋಪಿಯ ಮೇಲೆ ಮೂರು ನಕ್ಷತ್ರ, ಎರಡನೆಯದರಲ್ಲಿ ಐದು. ಕೋಲು ಅಂಗಿಯ ತೋಳಿನೊಳಗೆ ಕರಗಿ, ಆರನೇ ಬೆರಳಾಗಿ ಹೊರಬರುತ್ತದೆ. ಚಿತ್ರಗಾರರ ಮೇಜಿನ ಮುಂದೆ ಪಾತ್ರವನ್ನು ಎದುರಿನಿಂದ, ಪಕ್ಕದಿಂದ, ಬೆನ್ನಿನಿಂದ ತೋರಿಸುವ ಮಾಡೆಲ್ ಶೀಟ್ ಅಂಟಿಸಿರುತ್ತದೆ. ಯಂತ್ರ ಪ್ರತಿ ಶಾಟ್‌ಗೂ ಹೊಸದಾಗಿ ಊಹಿಸುತ್ತದೆ. ಆಮೇಲೆ 'ಸಣ್ಣಪುಟ್ಟ ತಿದ್ದುಪಡಿ' ಎಂದು, ಮನೆಗೆ ಕಳಿಸಿದ ಚಿತ್ರಗಾರರನ್ನೇ ಗಂಟೆ ಲೆಕ್ಕದಲ್ಲಿ ಕರೆಸುತ್ತಾರೆ. ಅವರು ಕೂತು ಹೆಚ್ಚಿನ ನಕ್ಷತ್ರಗಳನ್ನು ಅಳಿಸುತ್ತಾರೆ. ಯಂತ್ರ ಕೊಟ್ಟ ಫ್ರೇಮುಗಳಲ್ಲಿ ಒಂದರಂತೆ ಇನ್ನೊಂದಿಲ್ಲವಾದ್ದರಿಂದ ಎರಡು ಫ್ರೇಮಿಗೊಂದು ಚಿತ್ರ ಎಂಬ ಹಳೆಯ ರಿಯಾಯಿತಿಯೂ ಇಲ್ಲ. ಸೆಕೆಂಡಿಗೆ ಪೂರಾ 24 ಸಲ.